ಗುರುಸಿದ್ದಯ್ಯನವರ ಸತ್ಯದ ಪೈಪು

ಬೆಂಗಳೂರಿನ ಆರ್‌ಪಿಸಿ ಲೇಔಟಿನ ಗುರುಸಿದ್ದಯ್ಯನವರಿಗೆ ದೇವರು ಎಲ್ಲವನ್ನೂ ಕೊಟ್ಟಿದ್ದ, ಧ್ವನಿಯೊಂದನ್ನು ಬಿಟ್ಟು. ಹಾಗಂತ ಅವರು ಮೂಕರಲ್ಲ. ಧಾರಾಳವಾಗಿ ಮಾತಾಡುತ್ತಿದ್ದರು, ಆದರೆ ಮಾತಾಡಿದರು ಎಂಬ ಸಂಗತಿ ಅವರೊಬ್ಬರಿಗೇ ಗೊತ್ತಾಗುತ್ತಿತ್ತು. ಬಸ್ಸಿನಲ್ಲಿ "ಸ್ಟಾಪ್ ಐತ್ರಿ" ಅಂದರೆ ಕಂಡಕ್ಟರಿಗೆ ಕೇಳಿಸದೆ, ಎರಡು ಸ್ಟಾಪು ಮುಂದೆ ಇಳಿದು ಹಿಂದಕ್ಕೆ ನಡೆದು ಬರುತ್ತಿದ್ದರು. ಇದರಿಂದ ಅವರ ಆರೋಗ್ಯ ಮಾತ್ರ ಬಹಳ ಚೆನ್ನಾಗಿತ್ತು. ಆಫೀಸಿನಲ್ಲಿ ಸಾಹೇಬರ ಮೇಜಿನ ಮುಂದೆ ನಿಂತು "ಸಾರ್" ಅಂದರೆ, ಸಾಹೇಬರು ಫೈಲಿನಿಂದ ತಲೆಯೆತ್ತದೆ ಕಿವಿಯ ಹತ್ತಿರದ ಸೊಳ್ಳೆಯನ್ನು ಓಡಿಸುತ್ತಿದ್ದರು.

ಅವರ ಮದುವೆಯ ದಿನದ ಕಥೆಯನ್ನು ಹುಟ್ಟೂರು ರಾಣೆಬೆನ್ನೂರಿನ ಕಡೆ ಇವತ್ತಿಗೂ ಹೇಳುತ್ತಾರೆ. ಹೆಂಗಸರೆಲ್ಲ ಸುತ್ತುವರಿದು, ಹೆಸರನ್ನು ಪದ್ಯದಲ್ಲಿ ಸೇರಿಸಿ ಹೇಳುವ ಪದ್ಧತಿಯಂತೆ, "ಒಡಪು ಕಟ್ಟಿ ಹೇಣ್ತಿ ಹೆಸರು ಹೇಳ್ರಿ" ಎಂದು ಕಾಡಿದರು. ಗುರುಸಿದ್ದಯ್ಯನವರು ಹೇಳಿದರು. ಯಾರಿಗೂ ಕೇಳಿಸಲಿಲ್ಲ. ಏಳು ಸಲ ಹೇಳಿಸಿದರು. ಕೊನೆಗೆ ಮದುಮಗಳೇ ತಾಳ್ಮೆಗೆಟ್ಟು, "ನನ್ನ ಹೆಸರು ಶಾಂತವ್ವ ಐತ್ರಿ, ಇನ್ನ ಊಟಕ್ಕ ಏಳ್ರಿ!" ಎಂದು ಹಂದರ ನಡುಗುವಂತೆ ಕೂಗಿ ಆ ಪ್ರಕರಣವನ್ನು ಮುಗಿಸಿದಳು. ಅಂದಿನಿಂದ ಆ ಮನೆಯಲ್ಲಿ ಶಬ್ದದ ಖಾತೆ ಶಾಂತವ್ವನದು, ಮೌನದ ಖಾತೆ ಗುರುಸಿದ್ದಯ್ಯನವರದು. ನಲವತ್ತೆಂಟು ವರ್ಷಗಳ ತಮ್ಮ ಆಯುಷ್ಯದಲ್ಲಿ ಅವರು ಅತಿ ಹೆಚ್ಚು ಸಲ ಕೇಳಿಸಿಕೊಂಡ ಮಾತು ಒಂದೇ: "ಏನು? ಜೋರಾಗಿ ಹೇಳ್ರೀ!"

ಬಾಯಿ ಕೈಕೊಟ್ಟವರಿಗೆ ಕೈಯಾದರೂ ಬಾಯಿ ಆಗಬೇಕಲ್ಲ. ಗುರುಸಿದ್ದಯ್ಯನವರು ಕೈಯಿಂದ ಏನಾದರೂ ಮಾಡುತ್ತಲೇ ಇರುತ್ತಿದ್ದರು. ಟ್ಯಾಂಕಿನಲ್ಲಿ ನೀರು ತುಂಬಿದರೆ ತಾನಾಗಿ ಬಾರಿಸುವ ಗಂಟೆಯೊಂದನ್ನು ಮಾಡಿದ್ದರು. ಅದು ಬೆಳಗಿನ ಜಾವ ನಾಲ್ಕಕ್ಕೆ ಬಾರಿಸಲು ಶುರುಮಾಡಿ, ನಿಲ್ಲಿಸುವುದು ಹೇಗೆಂದು ಅವರು ಯೋಚಿಸಿರಲಿಲ್ಲವಾದ್ದರಿಂದ, ಒಂಬತ್ತರವರೆಗೆ ಬಾರಿಸಿತು. ಹಳೆಯ ಮಿಕ್ಸಿಯ ಮೋಟಾರಿಗೆ ಕಾಯಿ ತುರಿಯುವ ಅಲಗು ಜೋಡಿಸಿದ್ದರು. ಸ್ವಿಚ್ಚು ಒತ್ತಿದ ತಕ್ಷಣ ತೆಂಗಿನ ಹೋಳು ಅಡುಗೆಮನೆಯ ಕಿಟಕಿಯಿಂದ ಹಾರಿ ಕೆಳಗಡೆ ಮನೆಯ ಯಜಮಾನಿ ಗಂಗಲಕ್ಷ್ಮಮ್ಮನವರ ಕಾಲ ಬಳಿ ಬಿತ್ತು. ಆಕೆ ಅದನ್ನು ಎತ್ತಿ ಚಟ್ನಿಗೆ ಹಾಕಿಕೊಂಡರಾದರೂ ಕ್ಷಮಿಸಲಿಲ್ಲ.

ಗಂಗಲಕ್ಷ್ಮಮ್ಮನವರು ಮಾಗಡಿ ಕಡೆಯವರು. ಕೆಳಗೆ ತಾವು, ಮೇಲೆ ಬಾಡಿಗೆಯವರು, ಅಂಗಳದಲ್ಲಿ ಒಂದೇ ಒಂದು ಕೆಂಪು ದಾಸವಾಳದ ಗಿಡ. ಆ ಗಿಡದಷ್ಟೇ ಖ್ಯಾತಿ ಅವರ ಗಂಟಲಿಗೂ ಇತ್ತು. ಅವರು ಬಾಗಿಲಲ್ಲಿ ನಿಂತು ಸೊಪ್ಪಿನವಳನ್ನು ಕರೆದರೆ ಪಕ್ಕದ ಬಡಾವಣೆ ಹೊಸಹಳ್ಳಿಯ ಸೊಪ್ಪಿನವಳು ಬರುತ್ತಿದ್ದಳು. ತೆಂಗಿನಕಾಯಿ ಹಾರಿದ ದಿನ ಅವರು ಮೆಟ್ಟಿಲ ಬುಡದಲ್ಲಿ ನಿಂತು ತೀರ್ಪು ಕೊಟ್ಟರು:

"ನೋಡಿ ಗುರುಸಿದ್ದಯ್ಯನೋರೆ, ನೀವು ಒಳ್ಳೆಯೋರು, ಶಾಂತಮ್ಮನೂ ಒಳ್ಳೆಯೋಳು. ಇನ್ನೊಂದು ಸಲ ನನ್ ಮನೇಲಿ ಪ್ರಯೋಗ ಗಿಯೋಗ ಅಂತ ಏನಾರ ನಡೀತೋ, ಆ ತಿಂಗಳೇ ಮನೆ ಖಾಲಿ ಮಾಡ್ಬೇಕು. ಆಮೇಲೆ ಅಳ್ಬೇಡಿ!"

ಇದು ಸಣ್ಣ ಮಾತಲ್ಲ. ಮಗಳು ಶರಣ್ಯಾಳಿಗೆ ಮಾರ್ಚಿನಲ್ಲಿ ಸೆಕೆಂಡ್ ಪಿಯುಸಿ ಪರೀಕ್ಷೆ. ಈಗಾಗಲೇ ಫೆಬ್ರವರಿ. ಈ ಮನೆ ಸಿಗುವ ಮುನ್ನ ದಂಪತಿಗಳು ವಿಜಯನಗರದಿಂದ ಮೂಡಲಪಾಳ್ಯದವರೆಗೆ ಮೂವತ್ತೊಂದು ಮನೆ ನೋಡಿದ್ದರು. ಪರೀಕ್ಷೆಯ ಹೊತ್ತಿನಲ್ಲಿ ಪಾತ್ರೆಪಗಡೆ ಹೊತ್ತು ಮೂವತ್ತೆರಡನೆಯ ಮನೆ ಹುಡುಕುವುದೆಂದರೆ ಶರಣ್ಯಾಳ ಓದು ಗೋವಿಂದ. ಶಾಂತವ್ವ ಗಂಡನಿಂದ ಆಣೆ ಮಾಡಿಸಿಕೊಂಡಳು. ಗುರುಸಿದ್ದಯ್ಯನವರು ಆಣೆ ಮಾಡಿದರು. ಆಕೆಗೆ ಸರಿಯಾಗಿ ಕೇಳಿಸಲಿಲ್ಲ, ಮಾಡಿರಬೇಕೆಂದುಕೊಂಡಳು.

ಅಷ್ಟರಲ್ಲಿ ಟಿವಿಯಲ್ಲಿ ಆ ಗಡ್ಡದವನು ಬಂದ.

ಯಾವುದೋ ದೇಶದ ಗಡ್ಡದವನು ತನ್ನ ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಬೆಂಕಿಯನ್ನು ಕುಣಿಸುತ್ತಿದ್ದ. ಉದ್ದದ ಪೈಪು, ಅದರ ಬೆನ್ನಿನ ಮೇಲೆ ಸಾಲು ತೂತು, ಒಳಗೆ ಗ್ಯಾಸು, ತೂತಿಗೊಂದು ಪುಟ್ಟ ಜ್ವಾಲೆ. ಪೈಪಿನ ಒಂದು ತುದಿಗೆ ರಬ್ಬರಿನ ಪೊರೆ. ಆ ಪೊರೆಯ ಮುಂದೆ ಹಾಡು ಹಾಕಿದರೆ ಸಾಲುಜ್ವಾಲೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ಗಡ್ಡದವನು "ಹೋ!" ಎಂದ, ಜ್ವಾಲೆಗಳು ಎದ್ದು ನಿಂತವು. ಗುರುಸಿದ್ದಯ್ಯನವರು ಕೈಯಲ್ಲಿದ್ದ ಚಹಾ ಆರಿಹೋಗುವವರೆಗೂ ನೋಡಿದರು. ಮಾತಾಡಿದರೆ ಎದ್ದು ನಿಲ್ಲುವ ವಸ್ತು! ಅವರ ಮಾತಿಗೆ ಈವರೆಗೆ ಬೀದಿನಾಯಿಯೂ ಎದ್ದಿರಲಿಲ್ಲ. ಅವರಿಗೆ ಆ ಪೈಪು ಬೇಕೇ ಬೇಕೆನಿಸಿತು.

ನಲ್ಲಿಯ ಹೊಸ ಲೈನು ಹಾಕಿದಾಗ ಉಳಿದಿದ್ದ ಕಬ್ಬಿಣದ ಪೈಪು ಅವರ ಮನೆಯ ಮೇಲಿನ ತೆರೆದ ಮಹಡಿಯ ಮೂಲೆಯಲ್ಲಿ ಬಿದ್ದಿತ್ತು. ಮಾಗಡಿ ರೋಡಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಅವರ ಊರಿನ ದುಂಡೇಶ ಅದಕ್ಕೆ ಅರ್ಧ ಇಂಚಿಗೊಂದರಂತೆ ತೂತು ಹೊಡೆದುಕೊಟ್ಟು, "ಇದೇನ್ ಕೊಳಲೇನ್ರಿ ಕಾಕಾ?" ಎಂದು ಕೇಳಿದ. ಗುರುಸಿದ್ದಯ್ಯನವರು ವಿವರವಾಗಿ ಹೇಳಿದರು. ಪಕ್ಕದಲ್ಲಿ ಗ್ರೈಂಡರ್ ಓಡುತ್ತಿತ್ತು. ದುಂಡೇಶ ಕೊಳಲೇ ಇರಬೇಕೆಂದು ತಲೆಯಾಡಿಸಿದ. ತುದಿಗೆ ಬಲೂನಿನ ರಬ್ಬರು ಬಿಗಿದರು. ಅದರ ಮುಂದೆ, ಶಬ್ದ ಚದುರದೆ ಒಳಗೆ ಹೋಗಲೆಂದು ಸೀಮೆಎಣ್ಣೆ ಸುರಿಯುವ ತಗಡಿನ ಲಾಳಿಕೆ ಕಟ್ಟಿದರು.

ಭಾನುವಾರ ಸಂಜೆ ಗಂಗಲಕ್ಷ್ಮಮ್ಮನವರು ಅನ್ನಪೂರ್ಣೇಶ್ವರಿ ನಗರದ ಮಗಳ ಮನೆಗೆ ಹೋದರು. ಶಾಂತವ್ವ ತರಕಾರಿಗೆ ಹೋದಳು. ಶರಣ್ಯಾ ಬಾಗಿಲು ಹಾಕಿಕೊಂಡು ಓದುತ್ತಿದ್ದಳು. ಗುರುಸಿದ್ದಯ್ಯನವರು ಮನೆಗಿದ್ದ ಏಕೈಕ ಸಿಲಿಂಡರನ್ನು ಒಲೆಯಿಂದ ಬಿಡಿಸಿ, ಮಗುವಿನಂತೆ ಅಪ್ಪಿಕೊಂಡು ಮಹಡಿಗೆ ಹೊತ್ತರು. ಪೈಪಿಗೆ ಟ್ಯೂಬು ಜೋಡಿಸಿದರು. ಕಡ್ಡಿ ಗೀರಿದರು.

ನಲವತ್ತು ಜ್ವಾಲೆಗಳು ಸಾಲಾಗಿ ಹೊತ್ತಿಕೊಂಡವು. ಟೇಪ್ ರೆಕಾರ್ಡರಿನಲ್ಲಿ ಡೊಳ್ಳಿನ ಕ್ಯಾಸೆಟ್ಟು ಹಾಕಿದರು. ಬೆಂಕಿ ಕುಣಿಯಿತು! ಡೊಳ್ಳಿನ ಪೆಟ್ಟಿಗೊಂದು ನೆಗೆತ, ತಾಳಕ್ಕೊಂದು ಬಾಗು. ಗುರುಸಿದ್ದಯ್ಯನವರ ಕಣ್ಣಲ್ಲಿ ನೀರು ಬಂತು. ಈ ಜನ್ಮದಲ್ಲಿ ಅವರು ಮಾಡಿದ್ದೊಂದು ಮಾಡಿದ ಹಾಗೇ ನಡೆದದ್ದು ಇದೇ ಮೊದಲು. ಕ್ಯಾಸೆಟ್ಟು ನಿಲ್ಲಿಸಿದರು. ಲಾಳಿಕೆಯ ಮುಂದೆ ಬಗ್ಗಿ, ಸಂಕೋಚದಿಂದ ಸುತ್ತ ನೋಡಿ, ತಮ್ಮ ಹೆಸರು ಹೇಳಿದರು.

"ಗುರುಸಿದ್ದಯ್ಯ."

ಜ್ವಾಲೆಗಳು ಕದಲಲಿಲ್ಲ. ಇನ್ನೊಮ್ಮೆ, ತಮ್ಮ ಲೆಕ್ಕದಲ್ಲಿ ಕಿರುಚಿ, ಹೇಳಿದರು. ಒಂದು ಜ್ವಾಲೆ ಸ್ವಲ್ಪ ಅಲುಗಿದಂತೆ ಕಂಡಿತು. ಅದು ಗಾಳಿಗೆ.

ಅದೇ ಹೊತ್ತಿಗೆ ಮಗಳ ಮನೆಗೆ ಬೀಗ ಹಾಕಿದ್ದರಿಂದ ಬೇಗ ಹಿಂದಿರುಗಿದ ಗಂಗಲಕ್ಷ್ಮಮ್ಮನವರು ಒಣಹಾಕಿದ್ದ ಸಂಡಿಗೆ ತೆಗೆಯಲು ಮಹಡಿ ಹತ್ತಿ ಬಂದರು. ಕಂಡರು. ಬಾಯಿ ತೆರೆದರು.

"ಅಯ್ಯಯ್ಯಪ್ಪೋ! ಬೆಂಕಿ ಇಟ್ಟವ್ರೆ! ನನ್ ಮನೆ! ನನ್ ಮನೆ!"

ನಲವತ್ತು ಜ್ವಾಲೆಗಳೂ ದಡಕ್ಕನೆ ಎದ್ದು ನಿಂತವು. ಗಂಗಲಕ್ಷ್ಮಮ್ಮ ಬೆಚ್ಚಿ ಬಾಯಿ ಮುಚ್ಚಿದರು. ಜ್ವಾಲೆಗಳು ಕುಳಿತವು.

"ಏನ್ರೀ ಇದು?" ಅಂದರು. ಜ್ವಾಲೆಗಳು ಅರ್ಧ ಎದ್ದವು.

"ಏನ್ರೀ ಇದೂ!" ಜ್ವಾಲೆಗಳು ಪೂರ್ತಿ ಎದ್ದವು.

ಗಂಗಲಕ್ಷ್ಮಮ್ಮ ಮೂರು ಗಂಡುಮಕ್ಕಳನ್ನು ಹೆತ್ತು ಸಾಕಿದ್ದರು. ಅವರ ಮಾತಿಗೆ ಎದ್ದು ನಿಂತದ್ದು ಆ ಮೂರರಲ್ಲಿ ಒಂದೂ ಇರಲಿಲ್ಲ. ಆಕೆಯ ಕೈಗಳು ತಾವಾಗಿ ಜೋಡಿಸಿಕೊಂಡವು.

"ಯಾವ ದೇವ್ರು ಇದು?" ಎಂದು ಪಿಸುಗುಟ್ಟಿದರು.

"ದೇವ್ರಲ್ರೀ ಅಮ್ಮಾರ," ಗುರುಸಿದ್ದಯ್ಯನವರು ಲಾಳಿಕೆಯ ಪಕ್ಕದಲ್ಲೇ ನಿಂತು ಹೇಳಿದರು. "ಇದು ಫಿಜಿಕ್ಸ್ ಐತ್ರಿ. ಶಬ್ದ ಆದ್ರ ಏಳ್ತೈತಿ, ಅಷ್ಟ."

ಜ್ವಾಲೆಗಳು ಅಲ್ಲಾಡಲಿಲ್ಲ. ಗಂಗಲಕ್ಷ್ಮಮ್ಮ ಜ್ವಾಲೆಯನ್ನೂ ಗುರುಸಿದ್ದಯ್ಯನವರನ್ನೂ ಬದಲಿಸಿ ಬದಲಿಸಿ ನೋಡಿದರು. ಆಕೆಯ ಮುಖದಲ್ಲಿ ಜ್ಞಾನೋದಯವಾಯಿತು.

"ಕಂಡ್ರಾ! ನೀವು ಸುಳ್ಳು ಹೇಳಿದ್ರಿ, ಏಳಲಿಲ್ಲ. ನಾನು ನಿಜ ಹೇಳ್ದೆ, ಎದ್ ನಿಂತ್ಕೊಂತು!"

"ನೀವೇನ್ ನಿಜ ಹೇಳಿದ್ರಿ?"

"'ನನ್ ಮನೆ' ಅಂದೆ. ನನ್ ಮನೆ ಹೌದೋ ಅಲ್ವೋ?"

ಇದಕ್ಕೆ ಬಾಡಿಗೆದಾರನಾದವನು ಏನು ತಾನೇ ಉತ್ತರ ಕೊಟ್ಟಾನು! ಆಕೆಯ ತವರಿನ ಕಡೆ ಕರ್ಪೂರ ಹಚ್ಚಿ ಬೆಂಕಿಯ ಮುಂದೆ ಆಣೆ ಮಾಡಿಸುವ ಪದ್ಧತಿ ಮೊದಲಿನಿಂದಲೂ ಇತ್ತು. ಆದರೆ ಆ ಕರ್ಪೂರ ತೆಪ್ಪಗೆ ಉರಿಯುತ್ತಿತ್ತೇ ಹೊರತು ಇದರಂತೆ ತೀರ್ಪು ಕೊಡುತ್ತಿರಲಿಲ್ಲ. ಮನೆ ಖಾಲಿ ಮಾಡಿಸುವ ವಿಚಾರ ಆ ಕ್ಷಣಕ್ಕೆ ಹಿಂದೆ ಸರಿಯಿತು. ಗುರುಸಿದ್ದಯ್ಯನವರು ಬದುಕಿಕೊಂಡೆ ಎಂದು ಉಸಿರುಬಿಟ್ಟರು. ಉಸಿರಿಗೂ ಜ್ವಾಲೆ ಏಳಲಿಲ್ಲ.

ಮರುದಿನ ಸೋಮವಾರ. ಗಂಗಲಕ್ಷ್ಮಮ್ಮ ಮಿಂದು ಮಡಿಯುಟ್ಟು ಮಹಡಿಗೆ ಬಂದು ಪೈಪಿಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಬಟ್ಟಲ ತುಂಬ ಬಿಳಿ ಕಣಗಿಲೆ ಹೂವು ಏರಿಸಿದರು. ಆಮೇಲೆ ತಮ್ಮ ಜೀವನದ ಬಹುದೊಡ್ಡ ವ್ಯಾಜ್ಯವನ್ನು ಬೆಂಕಿಯ ಮುಂದಿಟ್ಟರು. ಅದೇನೆಂದರೆ, ಬೆಳಗಿನ ಜಾವ ಯಾರೋ ಅವರ ಅಂಗಳದ ದಾಸವಾಳವನ್ನೆಲ್ಲ ಕಿತ್ತೊಯ್ಯುತ್ತಿದ್ದರು. ಕದ್ದ ಹೂವಿಗೇ ದೇವರು ಬೇಗ ಒಲಿಯುತ್ತಾನೆ ಎಂಬ ನಂಬಿಕೆ ಬೆಂಗಳೂರಿನ ಎಲ್ಲ ಬಡಾವಣೆಗಳಲ್ಲಿಯೂ ಇದ್ದರೂ, ತನ್ನ ಗಿಡದ ಮಟ್ಟಿಗೆ ಅದನ್ನು ಯಾರೂ ಒಪ್ಪುವುದಿಲ್ಲ.

ಸಂಶಯಕ್ಕೆ ಗುರಿಯಾದವರು ಇಬ್ಬರು. ಒಬ್ಬರು ಎದುರು ಮನೆಯ ವತ್ಸಲಾ. ಪ್ರೈಮರಿ ಶಾಲೆಯ ಟೀಚರು, ಬಹಳ ಮೃದು. ಇನ್ನೊಬ್ಬರು ಮೂಲೆಮನೆಯ ಗಿರಿರಾಜ್ ಮಾಸ್ಟರು; ಮೂವತ್ತು ವರ್ಷ ಮೈದಾನದಲ್ಲಿ ನಿಂತು "ಸಾವ್‌ಧಾನ್" ಎಂದು ಕೂಗಿ ನಿವೃತ್ತರಾದ ಡ್ರಿಲ್ ಮಾಸ್ಟರು. ಬೇಸಿಗೆಯ ಬೆಳಗಿನ ವಾಕಿಂಗಿಗೂ ಕೊಕ್ಕೆ ಹಿಡಿಯ ಕೊಡೆ ಇಲ್ಲದೆ ಹೊರಡುತ್ತಿರಲಿಲ್ಲ. ಜಾಣ ಓದುಗರಿಗೆ ಇಷ್ಟು ಸಾಕು.

ವತ್ಸಲಾ ಟೀಚರು ಲಾಳಿಕೆಯ ಮುಂದೆ ನಿಂತು, "ನಾನು ಯಾವತ್ತೂ ನಿಮ್ಮ ಹೂವು ಕಿತ್ತಿಲ್ಲ ಆಂಟಿ," ಎಂದರು. ಜ್ವಾಲೆಗಳು ನಿದ್ದೆಹೋದಂತೆ ಮಲಗಿದ್ದವು.

ಗಿರಿರಾಜ್ ಮಾಸ್ಟರು ಎದೆ ಸೆಟೆಸಿ, ಹಿಮ್ಮಡಿ ಕೂಡಿಸಿ, "ನಾನ್ ಕಿತ್ತಿಲ್ಲಾ!" ಎಂದು ಗುಡುಗಿದರು. ಜ್ವಾಲೆಗಳು ಒಂದು ಮೊಳ ಮೇಲೆದ್ದು ಸೆಲ್ಯೂಟು ಹೊಡೆದವು.

"ಹರಿಶ್ಚಂದ್ರ ಕಣ್ರೀ ನೀವು, ಮಾಸ್ಟ್ರೇ!" ಎಂದರು ಗಂಗಲಕ್ಷ್ಮಮ್ಮ. ವತ್ಸಲಾ ಟೀಚರು ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲಿಳಿದರು.

ಗುರುಸಿದ್ದಯ್ಯನವರಿಗೆ ಆ ರಾತ್ರಿ ಅನ್ನ ಸೇರಲಿಲ್ಲ. ಒಂದು ಕಾರಣ, ಪಾಪಪ್ರಜ್ಞೆ. ಇನ್ನೊಂದು, ಅನ್ನವೇ ಇರಲಿಲ್ಲ. ಸಿಲಿಂಡರು ಮಹಡಿಯ ಮೇಲಿತ್ತು. "ಬೆಂಕಿಗೆ ಗ್ಯಾಸು, ನಮಗ ಮಂಡಕ್ಕಿ!" ಎಂದು ಶಾಂತವ್ವ ಪಾತ್ರೆ ಕುಕ್ಕಿದಳು. "ಇಳಿಸಿಕೊಂಡ್ ಬರ್ರಿ ಅದನ್ನ!" ಎಂದಳು. ಇಳಿಸಹೋದರೆ ಗಂಗಲಕ್ಷ್ಮಮ್ಮ ಬಿಡಲಿಲ್ಲ. "ದೇವ್ರನ್ನ ಆರ್‌ಸೋಕಾಯ್ತದಾ? ಮೈಲಿಗೆ!" ಎಂದು, ದಿನಕ್ಕೆ ಎರಡು ಹೊತ್ತು ಮಾತ್ರ ಹಚ್ಚುವುದು, ಮಿಕ್ಕ ಹೊತ್ತು ಶಾಂತವ್ವ ಮಹಡಿಯ ಮೇಲೆಯೇ ಒಲೆ ತಂದು ಅಡುಗೆ ಮಾಡಿಕೊಳ್ಳುವುದು ಎಂದು ರಾಜಿ ಮಾಡಿಸಿದರು.

ಮರುದಿನ ಗುರುಸಿದ್ದಯ್ಯನವರು ಕ್ಷಮೆ ಕೇಳಲು ವತ್ಸಲಾ ಟೀಚರ ಮನೆಯ ಗೇಟಿಗೆ ಹೋದರು. ಬಿಳಿ ಕಣಗಿಲೆ ಗಿಡದ ಕೆಳಗೆ, ಗೇಟಿನ ಆ ಬದಿಗೆ ಅವರು, ಈ ಬದಿಗೆ ಇವರು ನಿಂತು ಹತ್ತು ನಿಮಿಷ ಮನಬಿಚ್ಚಿ ಮಾತಾಡಿದರು. ಏನು ಮಾತಾಡಿದರೆಂಬುದು ಇಬ್ಬರಿಗೂ ತಿಳಿಯಲಿಲ್ಲ.

ಸುದ್ದಿ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗುರುವಾರದ ಹೊತ್ತಿಗೆ ಮೆಟ್ಟಿಲ ಮೇಲೆ ಸಾಲು. ಅತ್ತೆ ಸೊಸೆಯರು ಬಂದರು. ಇಬ್ಬರ ಮಾತಿಗೂ ಜ್ವಾಲೆ ಸಮನಾಗಿ ಎದ್ದು ನ್ಯಾಯ ಬಗೆಹರಿಯದೆ, ಇಬ್ಬರನ್ನೂ ಮತ್ತೆ ಮತ್ತೆ ಹೇಳಿಸಿ, ಕೊನೆಗೆ ಸೊಸೆಯ ಗಂಟಲು ಕಟ್ಟಿದ್ದರಿಂದ ಅತ್ತೆ ಗೆದ್ದಳು. ಹಾಲಿನವನು ಬಂದು "ನೀರ್ ಹಾಕಲ್ಲಾ!" ಎಂದು ಕೂಗಿ ಗೆದ್ದುಹೋದ. ನೆಗಡಿಯಾಗಿದ್ದ ಪಾಪದ ಇಸ್ತ್ರಿಯವನು ಒಂದು ಲುಂಗಿಯ ವಿಷಯದಲ್ಲಿ ಕಳ್ಳನೆಂದು ತೀರ್ಮಾನವಾದ. ಈ ನಾಡಿನಲ್ಲಿ ಜೋರಾಗಿ ಹೇಳಿದ್ದೇ ಸತ್ಯವೆಂಬ ಪದ್ಧತಿ ಹಳೆಯದೇ. ಆರ್‌ಪಿಸಿ ಲೇಔಟಿನಲ್ಲಿ ಅದಕ್ಕೆ ಒಂದು ಪೈಪು ಸಿಕ್ಕಿತು, ಅಷ್ಟೇ.

ಶುಕ್ರವಾರ ಮುನಿರಾಜು ಬಂದ. ಯುವಕರ ಸಂಘದ ಅಧ್ಯಕ್ಷ, ಮುಂದಿನ ಸಲ ಹೇಗಾದರೂ ಕಾರ್ಪೊರೇಷನ್ನಿಗೆ ನಿಲ್ಲಬೇಕೆಂದು ಈಗಿನಿಂದಲೇ ಬಿಳಿಯುಟ್ಟು ಓಡಾಡುತ್ತಿದ್ದವನು. ಹಿಂದೆ ಎಂಟು ಜನ, ಒಂದು ಹಾರ, ಒಂದು ಕ್ಯಾಮೆರಾ.

"ಆರೇ ತಿಂಗ್ಳಲ್ಲಿ ಈ ರೋಡಿಗೆ ಟಾರ್ ಹಾಕುಸ್ತೀನಿ!" ಎಂದು ಲಾಳಿಕೆಗೆ ಅಬ್ಬರಿಸಿದ. ಬೆಂಕಿ ಎದ್ದಿತು. ಎಂಟು ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ಇನ್ನಷ್ಟು ಎದ್ದಿತು.

"ನೋಡಿದ್ರಾ, ಬೆಂಕೀನೇ ಸಪೋರ್ಟ್ ಮಾಡ್ತದೆ!" ಎಂದು ಮುನಿರಾಜು ಗುರುಸಿದ್ದಯ್ಯನವರ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಂಡ. "ಸಾರ್, ನೀವೇನೂ ತಲೆ ಕೆಡಿಸ್ಕೋಬೇಡಿ. ಭಾನುವಾರ ಇಲ್ಲಿ ಶಾಮಿಯಾನ ಹಾಕುಸ್ತೀನಿ."

"ಇದು ಬರೇ ಶಬ್ದಕ್ಕ ಏಳೂದ್ರಿ," ಎಂದರು ಗುರುಸಿದ್ದಯ್ಯ.

"ಹಾಂ? ಜೋರಾಗಿ ಹೇಳಿ ಸಾರ್."

 

ಶನಿವಾರ ನಸುಕಿನಲ್ಲಿ ಅವರು ಹಾಲಿಗೆ ಹೊರಟಾಗ ಗೇಟಿನ ಬಳಿ ಗಿರಿರಾಜ್ ಮಾಸ್ಟರು ಕೊಡೆಯ ಕೊಕ್ಕೆಯಿಂದ ದಾಸವಾಳದ ಕೊಂಬೆಯನ್ನು ಬಗ್ಗಿಸಿ, ಇನ್ನೊಂದು ಕೈಯಿಂದ ಮೊಗ್ಗನ್ನೂ ಬಿಡದೆ ಬಿಡಿಸುತ್ತಿದ್ದರು. ಹರಿಶ್ಚಂದ್ರನೆಂದು ಬಿರುದು ಬಂದ ಮೇಲೆ ಅವರು ಚೀಲದ ಗಾತ್ರವನ್ನೂ ಹೆಚ್ಚಿಸಿದ್ದರು.

"ಮಾಸ್ತರ..." ಎಂದರು ಗುರುಸಿದ್ದಯ್ಯ.

ಮಾಸ್ಟರಿಗೆ ಕೇಳಿಸಲಿಲ್ಲ. ಆದರೆ ತಿರುಗಿದಾಗ ಕಂಡರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕೊಂಬೆ ಪಟ್ಟನೆ ಮೇಲಕ್ಕೆ ಹೋಯಿತು. ಮಾಸ್ಟರು ಡಬಲ್ ಮಾರ್ಚಿನಲ್ಲಿ ಮನೆ ಸೇರಿದರು.

ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರೆ. ಡ್ರಿಲ್ ಮಾಸ್ಟರಿಗೆ ನೆವವೇಕೆ, ಗಂಟಲಿರುವಾಗ? ಭಾನುವಾರ ಬೆಳಿಗ್ಗೆ ಮಹಡಿಯ ಮೇಲೆ ಶಾಮಿಯಾನದ ಕೆಳಗೆ ಐವತ್ತು ಜನ ಸೇರಿದ್ದಾಗ, ಮೊದಲು ಅವರೇ ಎದ್ದು ಲಾಳಿಕೆಯ ಮುಂದೆ ನಿಂತರು.

"ಗಂಗಲಕ್ಷ್ಮಮ್ಮನೋರ ಹೂವು ಕೀಳ್ತಿರೋದು ಈ ಗುರುಸಿದ್ದಯ್ಯಾ! ನಾನ್ ಕಣ್ಣಾರೆ ಕಂಡೇ!"

ಜ್ವಾಲೆಗಳು ಎರಡು ಮೊಳ ಎದ್ದವು. ಐವತ್ತು ಬಾಯಿಗಳು "ಓಹೋ" ಎಂದವು, ಅದಕ್ಕೂ ಎದ್ದವು.

ಗಂಗಲಕ್ಷ್ಮಮ್ಮ ಸೊಂಟಕ್ಕೆ ಕೈಯಿಟ್ಟರು. "ಅಯ್ಯೋ ನಿಮ್ಮನ್ನ ನಂಬಿದ್ನಲ್ರೀ! ದೇವ್ರನ್ನ ತಂದೋರೇ ಹೂವ ಕದಿಯೋದಾ? ಈ ತಿಂಗ್ಳೇ ಮನೆ ಖಾಲಿ ಮಾಡಿ!"

ಶರಣ್ಯಾ ಫಿಜಿಕ್ಸ್ ಪುಸ್ತಕ ಎದೆಗವಚಿಕೊಂಡು ಮುಂದೆ ಬಂದಳು. "ಆಂಟಿ, ಇದು ಸೌಂಡ್ ವೇವ್ಸ್ ಆಂಟಿ. ಜೋರಾಗಿ ಹೇಳಿದ್ರೆ ಯಾರ್ ಏನ್ ಹೇಳಿದ್ರೂ..."

"ನೀನ್ ಓದ್ಕೋ ಹೋಗಮ್ಮ, ಪರೀಕ್ಷೆ ಐತೆ."

"ಎಲ್ಲಿ ಓದ್ಲಿ ಆಂಟಿ, ಮನೆ ಖಾಲಿ ಮಾಡಿ ಅಂತೀರಲ್ಲ," ಎಂದಳು ಶರಣ್ಯಾ. ಅವಳ ಕಣ್ಣು ತುಂಬಿತು.

"ನಾ ಹೇಳ್ತೀನಿ ಸರೀರಿ ಎಲ್ಲಾರೂ!" ಎಂದು ಶಾಂತವ್ವ ಸೆರಗು ಸಿಕ್ಕಿಸಿಕೊಂಡು ನುಗ್ಗಿದಳು. ಅವಳೊಮ್ಮೆ ಬಾಯಿಬಿಟ್ಟಿದ್ದರೆ ಶಾಮಿಯಾನವೇ ಹೋಗುತ್ತಿತ್ತು. ಆದರೆ ಗಂಗಲಕ್ಷ್ಮಮ್ಮ ಅಡ್ಡ ನಿಂತರು.

"ಆಪಾದನೆ ಯಾರ ಮೇಲೈತೋ ಅವ್ರೇ ಹೇಳ್ಬೇಕು. ಇಲ್ಲಿ ಲಾಯರು ಗೀಯರು ನಡಿಯಲ್ಲ."

ಹೀಗೆ ಗುರುಸಿದ್ದಯ್ಯನವರು ತಾವೇ ತೂತು ಹೊಡೆಸಿ, ತಾವೇ ರಬ್ಬರು ಬಿಗಿದು, ತಾವೇ ಲಾಳಿಕೆ ಕಟ್ಟಿದ ಪೈಪಿನ ಮುಂದೆ ಅಪರಾಧಿಯಾಗಿ ನಿಂತರು.

"ನಾನು ಕಿತ್ತಿಲ್ರಿ," ಎಂದರು.

ಜ್ವಾಲೆ ಕದಲಲಿಲ್ಲ. ಜನ ಲೊಚಗುಟ್ಟಿದರು, ಲೊಚಗುಟ್ಟಿದ್ದಕ್ಕೆ ಕದಲಿತು.

"ನಾನು ಖರೇನ ಕಿತ್ತಿಲ್ರಿ."

ಇಲ್ಲ. ಗಿರಿರಾಜ್ ಮಾಸ್ಟರು ಮೀಸೆ ತೀಡಿದರು.

ಗುರುಸಿದ್ದಯ್ಯನವರಿಗೆ ಆಗ ಹೊಳೆಯಿತು: ನಿಜ ಹೇಳಿ ಫಲವಿಲ್ಲ. ಸುಳ್ಳು ಹೇಳಬೇಕು. ಕೇಳಿದ ಮಗುವೂ ಸುಳ್ಳೆಂದು ಹೇಳುವಂಥ ಸುಳ್ಳು. ಅದಕ್ಕೂ ಬೆಂಕಿ ಎದ್ದರೆ ಇವರಿಗೆಲ್ಲ ಬುದ್ಧಿ ಬಂದೀತು. ಯಾವ ಸುಳ್ಳು? ಗಾಬರಿಯಲ್ಲಿ ಒಂದೂ ನೆನಪಾಗಲಿಲ್ಲ. ಕಣ್ಣೆದುರಿಗೆ ಪೈಪು. ಪೈಪಿನ ಬುಡಕ್ಕೆ ಅಂದು ಬೆಳಿಗ್ಗೆ ಏರಿಸಿದ ಬಿಳಿ ಕಣಗಿಲೆ. ಪೈಪಿನ ಆಚೆಗೆ ಸೊಂಟಕ್ಕೆ ಕೈಯಿಟ್ಟ ನ್ಯಾಯಾಧೀಶೆ. ಬಾಗಿಲ ಬಳಿ, ಗುಂಪಿಗೆ ಸೇರದೆ ನಿಂತ ವತ್ಸಲಾ ಟೀಚರು. ಮಗಳ ಕಣ್ಣಲ್ಲಿ ನೀರು.

ಅವರು ಉಸಿರೆಳೆದುಕೊಂಡರು. ಆ ಉಸಿರು ಎಲ್ಲೆಲ್ಲಿಂದಲೋ ಬಂತು. ಹಿಂದಕ್ಕೆ ನಡೆದು ಬಂದ ಬಸ್‌ಸ್ಟಾಪುಗಳಿಂದ, ಸಾಹೇಬರು ಬೀಸಿದ ಕೈಯಿಂದ, ಏಳು ಸಲ ಹೇಳಿದ ಒಡಪಿನಿಂದ ಬಂತು. ನಲವತ್ತೆಂಟು ವರ್ಷದಿಂದ ಒಳಗೆ ಬಿದ್ದಿದ್ದ ಧ್ವನಿಯೆಲ್ಲ ಒಮ್ಮೆಗೇ ಹೊರಬಿತ್ತು:

"ವತ್ಸಲಾ ಟೀಚರ ಮನಿ ಕಣಗಿಲಿ ಹೂವು ಕದಿಯೂದು ಗಂಗಲಕ್ಷ್ಮಮ್ಮಾರೂ!"

ಬೆಂಕಿ ಹೂಂಕರಿಸಿ ಆಳೆತ್ತರಕ್ಕೆ ಎದ್ದಿತು. ಗಿರಿರಾಜ್ ಮಾಸ್ಟರ ಕೊಡೆಯ ಅಂಚು ಚುರ್ರೆಂದು ಸುಟ್ಟಿತು. ಮುನಿರಾಜು ಬಿಳಿ ಪಂಚೆ ಎತ್ತಿಕಟ್ಟಿ ಎರಡು ಸಾಲು ಹಿಂದಕ್ಕೆ ಹಾರಿದ. ಶಾಂತವ್ವ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಗಂಡನತ್ತ ಬಾಯಿ ತೆರೆದು ನೋಡಿ, ಏನೂ ಹೇಳದೆ ಹಾಗೇ ನಿಂತಳು.

ಗುರುಸಿದ್ದಯ್ಯನವರು ಜನ ನಗುವುದನ್ನು ಕಾದರು. ಎಂಥ ಅಸಂಬದ್ಧ ಸುಳ್ಳು, ನಗದೆ ಇರುತ್ತಾರೆಯೇ! ಯಾರೂ ನಗಲಿಲ್ಲ. ಎಲ್ಲರೂ ಗಂಗಲಕ್ಷ್ಮಮ್ಮನವರನ್ನು ನೋಡುತ್ತಿದ್ದರು. ಗಂಗಲಕ್ಷ್ಮಮ್ಮನವರ ಮುಖ ಅವರ ಅಂಗಳದ ದಾಸವಾಳದ ಬಣ್ಣಕ್ಕೆ ತಿರುಗಿತ್ತು.

"ಆಂಟಿ," ವತ್ಸಲಾ ಟೀಚರು ಮೆಲ್ಲಗೆ ಮುಂದೆ ಬಂದು ಪೈಪಿನ ಬುಡದ ಹೂವೊಂದನ್ನು ಎತ್ತಿ ನೋಡಿದರು. "ಇದು ನಮ್ಮನೆ ಕಣಗಿಲೆ ಅಲ್ವಾ? ನಿಮ್ಮನೇಲಿ ಇರೋದು ದಾಸವಾಳ ಒಂದೇ."

ಎಷ್ಟು ಮೆಲ್ಲಗೆ ಹೇಳಿದರೆಂದರೆ ಜ್ವಾಲೆ ಅಲುಗಲಿಲ್ಲ. ಆದರೆ ಈ ಸಲ ಜ್ವಾಲೆಯನ್ನು ಯಾರೂ ನೋಡುತ್ತಿರಲಿಲ್ಲ.

ಗಂಗಲಕ್ಷ್ಮಮ್ಮ ಸೊಂಟದ ಮೇಲಿನ ಕೈ ಇಳಿಸಿದರು. ಆಮೇಲೆ ಜೋರಾಗಿ ನಕ್ಕರು.

"ಅಯ್ಯೋ, ಇದೇನ್ ದೇವ್ರಾ? ಪೈಪು! ಯಾವನ್ ಏನ್ ಕಿರುಚಿದ್ರೂ ಏಳ್ತದೆ. ಗುರುಸಿದ್ದಯ್ಯನೋರು ಮೊದಲ್ನೇ ದಿನಾನೇ ಹೇಳಿದ್ರಲ್ಲ, ಫಿಜಿಸು ಅಂತ! ನೀವೆಲ್ಲ ಓದ್ದೋರು, ಅಷ್ಟೂ ತಿಳಿಯಲ್ವಾ? ಏಳಿ ಏಳಿ, ಶಾಮಿಯಾನ ಬಿಚ್ಚಿ."

"ಹಂಗಾದ್ರೆ ನಾನ್ ಮಾಡಿದ್ ಪ್ರಮಾಣ?" ಗಿರಿರಾಜ್ ಮಾಸ್ಟರು ಸುಟ್ಟ ಕೊಡೆ ಹಿಡಿದು ಕೇಳಿದರು.

"ನಿಮ್ ಗಂಟ್ಲು ದೊಡ್ದು ಮಾಸ್ಟ್ರೇ, ಅಷ್ಟೇ. ಬೇಕಾದ್ರೆ ನಾಳೆ ಬೆಳಿಗ್ಗೆ ನಾನೇ ಗೇಟ್‌ನಾಗೆ ಕೂತಿರ್ತೀನಿ, ಬನ್ನಿ, ಮಾತಾಡೋವ."

ಮಾಸ್ಟರಿಗೆ ಮನೆಯಲ್ಲಿ 'ಅರ್ಜೆಂಟ್' ಕೆಲಸ ನೆನಪಾಯಿತು.

"ಅಂದ್ರ ನಾವ್ ಮನಿ ಖಾಲಿ ಮಾಡೂದು ಬ್ಯಾಡೇನ್ರಿ?" ಎಂದು ಶಾಂತವ್ವ ಬಾಯಿಬಿಟ್ಟು ಕೇಳಿಯೇಬಿಟ್ಟಳು. ಐವತ್ತು ಜನರ ಎದುರಿಗೆ ಇದು ಇತ್ಯರ್ಥವಾಗಿಬಿಡಲಿ ಎಂಬ ಜಾಣತನ ಅವಳಿಗಿತ್ತು.

"ಯಾರ್ ಹೇಳಿದ್ದು ಖಾಲಿ ಮಾಡಿ ಅಂತ? ಮಗು ಓದ್ಕೊಳ್ಳೋ ಟೈಮಲ್ಲಿ!"

ಹೀಗೆ ಒಂದು ವಾರ ದೇವರಾಗಿದ್ದದ್ದು ಅರ್ಧ ನಿಮಿಷದಲ್ಲಿ ಪೈಪಾಯಿತು. ತಮ್ಮ ಬುಡಕ್ಕೆ ಬಂದ ಮೇಲೆ ವಿಜ್ಞಾನವನ್ನು ಒಪ್ಪದ ಮನುಷ್ಯರು ಇಲ್ಲ. ಗುಂಪು ಕರಗಿತು. ಮುನಿರಾಜುವಿನ ಟಾರು ರಸ್ತೆಯೂ ಕರಗಿತು. ಅದರ ಬಗ್ಗೆ ಮತ್ತೆ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಇಸ್ತ್ರಿಯವನ ನೆಗಡಿ ಬಿಟ್ಟ ಮೇಲೆ ಲುಂಗಿ ಅದರ ಯಜಮಾನನ ಮಂಚದ ಕೆಳಗೇ ಸಿಕ್ಕಿತು.

ಶಾಂತವ್ವ ಸಿಲಿಂಡರನ್ನು ಕೆಳಗಿಳಿಸಿ ಒಲೆಗೆ ಜೋಡಿಸಿ ಕಡ್ಡಿ ಗೀರಿದಳು. ಒಲೆ ಒಮ್ಮೆ ನೀಲಿಯಾಗಿ ನಕ್ಕು ಆರಿಹೋಯಿತು. ಗ್ಯಾಸು ಮುಗಿದಿತ್ತು. ಹೊಸದಕ್ಕೆ ಬುಕ್ ಮಾಡಿದರೆ ಇಪ್ಪತ್ತೊಂದು ದಿನ. ಶಾಂತವ್ವ ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಗಂಗಲಕ್ಷ್ಮಮ್ಮ ನಿಂತಿದ್ದರು. ಕೈಯಲ್ಲಿ ಬಸ್ಸಾರಿನ ಪಾತ್ರೆ, ಮುದ್ದೆಯ ತಟ್ಟೆ.

"ಗ್ಯಾಸ್ ಬರೋಗಂಟ ನಾನೇ ಕೊಡ್ತೀನಿ ಕಣಮ್ಮ. ಮಗು ಹಸ್ಕೊಂಡು ಓದ್ಬಾರ್ದು."

ಇಪ್ಪತ್ತೊಂದು ದಿನವೂ ಕೊಟ್ಟರು. ಏಕೆಂದು ಯಾರೂ ಕೇಳಲಿಲ್ಲ. ಎದುರು ಮನೆಯ ಕಣಗಿಲೆ ಗಿಡ ಆ ಇಪ್ಪತ್ತೊಂದು ದಿನವೂ ಬೆಳ್ಳಗೆ ತುಂಬಿ ನಿಂತಿತ್ತು.

ಇಪ್ಪತ್ತೆರಡನೆಯ ದಿನ ಹೊಸ ಸಿಲಿಂಡರು ಬಂತು. ಗುರುಸಿದ್ದಯ್ಯನವರು ಖಾಲಿ ಪಾತ್ರೆಗಳನ್ನು ತೊಳೆಸಿ ಕೆಳಗೆ ತಂದುಕೊಟ್ಟರು. ಕೃತಜ್ಞತೆಯಿಂದ ಎದೆ ತುಂಬಿ, ತಮಗೆ ತಿಳಿದಷ್ಟು ವಿನಯದಿಂದ ಹೇಳಿದರು: "ಅಮ್ಮಾರ, ಆ ಕಣಗಿಲಿ ಹೂವಿನ ಮಾತು ನಾನು ಸುಮ್ನ ಅಂದಿದ್ರಿ. ಸುಳ್ಳ ಅಂತ ತಿಳದ..."

ಗಂಗಲಕ್ಷ್ಮಮ್ಮ ಬೀದಿಯತ್ತ ನೋಡಿದರು. ಎದುರು ಗೇಟಿನತ್ತ ನೋಡಿದರು. ಬಾಗಿಲನ್ನು ಅರ್ಧ ಎಳೆದುಕೊಂಡು ಪಿಸುಗುಟ್ಟಿದರು:

"ಸ್ವಲ್ಪ ಮೆತ್ತಗೆ ಮಾತಾಡಿ ಗುರುಸಿದ್ದಯ್ಯನೋರೆ! ಬೀದಿಗೆಲ್ಲ ಕೇಳಿಸ್ತದೆ."

ಗುರುಸಿದ್ದಯ್ಯನವರು ಅಲ್ಲೇ ನಿಂತುಬಿಟ್ಟರು. ಇನ್ನೊಮ್ಮೆ ಹೇಳಿ ಎನ್ನಬೇಕೆನಿಸಿತು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ಒಳಗೆ ಶಾಂತವ್ವ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಮೇಲೆ ಹೊಸ ಗ್ಯಾಸಿನ ಜ್ವಾಲೆ ದುಂಡಗೆ ಕೂತಿತ್ತು. ಅವರು ಬಾಗಿಲಲ್ಲೇ ನಿಂತು, ಏದುಸಿರಿನಲ್ಲಿ, ಸಂತೋಷ ತಡೆಯಲಾರದೆ ಹೇಳಿದರು:

"ಏಯ್, ಕೇಳೇನ, ನನಗ ಮೆತ್ತಗ ಮಾತಾಡು ಅಂದ್ರು!"

ಶಾಂತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೂಗಿದಳು:

"ಏನು? ಜೋರಾಗಿ ಹೇಳ್ರೀ!"